ಮುಂದಿನ ಬ್ರೇಕಿನೊಳಗಿನ ಗಾಳಿ

ಬೈಕಿನ ಬ್ರೇಕಿನಿಂದ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಹ್ಯಾಂಡಲ್ ಹತ್ತಿರ ನಿಂತು ಲಿವರ್ ಹಿಡಿಯಬೇಕು, ಇನ್ನೊಬ್ಬರು ಗಾಲಿ ಹತ್ತಿರ ಕೂತು ಪಾನಾ, ಅಂದರೆ ಸ್ಪ್ಯಾನರ್, ತಿರುವಬೇಕು. ಮೇಲಿನವರಿಗೆ ಕೆಳಗಿನದು ಕಾಣುವುದಿಲ್ಲ, ಕೆಳಗಿನವರಿಗೆ ಮೇಲಿನದು ಕಾಣುವುದಿಲ್ಲ. ನಡುವೆ ಇರುವುದು ಬರೀ ಮಾತು. ಮಾತೇ ನನ್ನ ಬಂಡವಾಳವಾದ್ದರಿಂದ ಈ ಕೆಲಸ ನನಗೆ ಬರುತ್ತದೆ ಅಂತ ತಿಳಿದುಕೊಂಡಿದ್ದೆ.

ನಮ್ಮ ಮನೆ ಬೆಟಗೇರಿಯಲ್ಲಿ. ಬಿ.ಕಾಂ. ಮುಗಿಸಿ ಗದಗಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಪಾರ್ಸಲ್ ಚೀಟಿ ಬರೆಯುತ್ತೇನೆ. ಕಾಲೇಜಿನಲ್ಲಿ ನಾನು ಪೂರ್ತಿಯಾಗಿ ಕಲಿತದ್ದು ಅಂದರೆ ಪ್ರಿನ್ಸಿಪಾಲರ ಕೆಮ್ಮು. ನಾನು ಅದನ್ನು ಕಂಬದ ಮರೆಯಲ್ಲಿ ನಿಂತು ಕೆಮ್ಮಿದರೆ ಹುಡುಗರು ಸಿಗರೇಟು ಆರಿಸಿ ಕ್ಲಾಸಿಗೆ ಹೋಗುತ್ತಿದ್ದರು. ಹಾಗಾಗಿ ಕಾಲೇಜಿನ ಹಾಜರಿ ಏರಿದ್ದರಲ್ಲಿ ನನ್ನ ಪಾಲೂ ಇದೆ.

ವೀರು ಮಾಮಾ ನನ್ನ ಅಕ್ಕ ಶೈಲಾಳ ಗಂಡ, ಲಕ್ಷ್ಮೇಶ್ವರದವರು. ಅವರ ಕೆಲಸ ದನಗಳದ್ದು. ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಊರೂರು ತಿರುಗಿ ಆಕಳು, ಎಮ್ಮೆಗಳಿಗೆ ಕರು ಹುಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಎರಡು-ಮೂರು ತಿಂಗಳ ಮೇಲೆ ಮತ್ತೆ ಹೋಗಿ ಗಬ್ಬ ನಿಂತಿದೆಯೋ ಇಲ್ಲವೋ ಕೈಯಿಂದ ನೋಡಿ ಹೇಳುತ್ತಾರೆ. ಡಾಕ್ಟರ್ ಅಲ್ಲ, ಆದರೆ ಶಿರಹಟ್ಟಿಯಿಂದ ಮುಂಡರಗಿಯವರೆಗೆ ಜನ ಡಾಕ್ಟರೇ ಅನ್ನುತ್ತಾರೆ. ಭುಜದತನಕ ಕೈ ಒಳಗೆ ಹಾಕಿ, ಕಣ್ಣು ಮುಚ್ಚಿ, ಯಾರೋ ದೂರದಿಂದ ಕರೆದಿದ್ದು ಕೇಳಿಸಿಕೊಂಡವರಂತೆ ಕತ್ತು ಓರೆ ಮಾಡುತ್ತಾರೆ. ಆಮೇಲೆ, “ಐತಿ. ಎಪ್ಪತ್ತ ದಿನದ ಮ್ಯಾಲಾಗೈತಿ.” ಮುಗೀತು. ತಪ್ಪಿದ್ದು ಒಂದು ಸಲವೂ ಇಲ್ಲ. ಆ ಓರೆ ಕತ್ತಿನ ನಕಲು ನನ್ನ ಬಲು ಬೇಡಿಕೆಯ ಐಟಂ. ನಮ್ಮ ಮನೆಯ ಯಾವ ಸಮಾರಂಭವೂ ಅದಿಲ್ಲದೆ ಮುಗಿಯುತ್ತಿರಲಿಲ್ಲ.

ಆ ಭಾನುವಾರ ಅಕ್ಕ-ಮಾಮಾ ಬೆಟಗೇರಿಗೆ ಬಂದಿದ್ದರು. ಉಣ್ಣುವಾಗ ಮಾಮಾ ಅಂದರು, “ಮುಂದಿನ ಬ್ರೇಕ್ ಯಾಕೋ ಮೆತ್ತಗಾಗೈತಿ. ನಾಳಿ ಪ್ಯಾಟ್ಯಾಗ ತೋರಸ್ತೀನಿ.”

“ಪ್ಯಾಟಿ ಯಾಕ್ರಿ ಮಾಮಾ? ಒಳಗ ಗಾಳಿ ಹೊಕ್ಕಿರತೈತಿ, ಅಷ್ಟ. ಮನ್ಯಾಗ ತಗೀಬೋದು. ಫೋನಿನ್ಯಾಗ ಮೂರ್ ಸಲ ನೋಡೀನಿ.”

“ನೋಡೋದು ಬ್ಯಾರೆ, ಮಾಡೋದು ಬ್ಯಾರೆ ಅಲ್ಲೇನ್ಲೇ?”

“ನೀವು ಮೊದಲನೇ ದಿನಾ ಕೆಲಸಕ್ಕ ಹ್ವಾದಾಗ ಎಮ್ಮಿ ನಿಮಗ ಹಿಂಗ ಕೇಳಿತ್ತೇನ್ರಿ?”

ಅಕ್ಕನಿಗೆ ಅನ್ನ ನೆತ್ತಿಗೇರಿತು. ಮಾಮಾ ನಕ್ಕು, ಕೀಲಿ ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಮಲಗಿದರು.

ಅಂಗಳದಲ್ಲಿ ಬೈಕಿಗೆ ದೊಡ್ಡ ಸ್ಟ್ಯಾಂಡ್ ಹಾಕಿದೆ. ಮೊದಲು ಕ್ಲಚ್ ಹಿಡಿದೆ. ಅದು ಸುಲಭ, ತಂತಿಯ ಕೆಲಸ. ಎಡಗೈ ಎಳೆದಷ್ಟು ತಂತಿ ಎಳೆಯುತ್ತದೆ. ಸವೆದರೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಮೊದಲೇ ಕಣ್ಣಿಗೆ ಬೀಳುತ್ತದೆ. ನಾಲ್ಕು ಹನಿ ಎಣ್ಣೆ ಬಿಟ್ಟು, ತುದಿಯ ನಟ್ಟು ಅರ್ಧ ಸುತ್ತು ತಿರುವಿದೆ, ಆಯಿತು. ಮುಂದಿನ ಬ್ರೇಕಿನದು ಹಾಗಲ್ಲ. ಅಲ್ಲಿ ಬಲಗೈಯ ಒತ್ತನ್ನು ಗಾಲಿಗೆ ಮುಟ್ಟಿಸುವುದು ನಳಿಗೆಯೊಳಗಿನ ಎಣ್ಣೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ. ಕೊಟ್ಟ ಮಾತನ್ನು ಹಾಗೇ ತಲುಪಿಸುವ ನಂಬಿಕಸ್ಥ. ಆದರೆ ನಡುವೆ ಒಂದು ಗುಳ್ಳೆ ಗಾಳಿ ಸೇರಿತೆಂದರೆ, ಕೈ ಒತ್ತಿದ್ದನ್ನೆಲ್ಲ ಆ ಗುಳ್ಳೆಯೇ ನುಂಗಿ ಸುಮ್ಮನೆ ಕೂರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಅದನ್ನು ತೆಗೆಯುವ ಬಗೆ ಹೀಗೆ. ಮೇಲಿನವರು ಲಿವರನ್ನು ಮೂರು ಸಲ ಒತ್ತಿ ಬಿಟ್ಟು ನಾಲ್ಕನೆಯ ಸಲ ಒತ್ತಿ ಹಿಡಿಯಬೇಕು. ಆಗ ಕೆಳಗಿನವರು ಗಾಲಿಯ ಬಳಿಯ ಮೊಳಕೆಯಂಥ ತಿರುಪನ್ನು, ಮೆಕ್ಯಾನಿಕರು ಅದಕ್ಕೆ ನಿಪ್ಪಲ್ ಅನ್ನುತ್ತಾರೆ, ಕಾಲು ಸುತ್ತು ಸಡಿಲಿಸಬೇಕು. ಹಳೇ ಎಣ್ಣೆ, ಗಾಳಿ ಎರಡೂ ಹೊರಗೆ ಬರುತ್ತವೆ; ಹೋದಷ್ಟು ಹೊಸ ಎಣ್ಣೆಯನ್ನು ಆಗಾಗ ಹ್ಯಾಂಡಲ್ ಮೇಲಿನ ಡಬ್ಬಿಗೆ ಸುರಿಯಬೇಕು. ಲಿವರ್ ಹಿಡಿಕೆಯತನಕ ಇಳಿದುಬಿಡುತ್ತದೆ. ನಿಪ್ಪಲ್ ಮತ್ತೆ ಬಿಗಿದ ಮೇಲೆಯೇ ಲಿವರ್ ಬಿಡಬೇಕು. ಮೊದಲೇ ಬಿಟ್ಟರೆ ಹೋದದ್ದಕ್ಕಿಂತ ಹೆಚ್ಚಿನ ಗಾಳಿ ಒಳಗೆ ಬರುತ್ತದೆ. ಇಡೀ ವಿದ್ಯೆ ಇಷ್ಟೇ.

ಮಾಮಾನ ಚೀಲದಿಂದ ಒಂದು ಸಲೈನ್ ನಳಿಗೆ ಕದ್ದು ನಿಪ್ಪಲ್‌ಗೆ ಸಿಕ್ಕಿಸಿದೆ, ಅದರ ತುದಿಯನ್ನು ಖಾಲಿ ಬಾಟಲಿಗೆ ಇಳಿಬಿಟ್ಟೆ. ಅಕ್ಕನನ್ನು ಲಿವರ್ ಹತ್ತಿರ ನಿಲ್ಲಿಸಿದೆ.

“ನಾ ಹಿಡಿ ಅಂದಾಗ ಹಿಡಿ, ಬಿಡು ಅಂದಾಗ ಬಿಡು. ತಿಳೀತಿಲ್ಲೋ?”

“ಇಷ್ಟ ಏನು? ಲಗ್ನಾದಾಗಿಂದ ಇದನ್ನ ಮಾಡಾಕ ಹತ್ತೀನಿ,” ಅಂದಳು ಅಕ್ಕ.

ಎರಡು ಸಲ ಹಿಡಿ-ಬಿಡು ಆಯಿತು. ಅದರಲ್ಲೇನು ರಸ? ಮೂರನೆಯ ಸಲದಿಂದ ನಾನು ಬಸ್ ಕಂಡಕ್ಟರ್ ಆದೆ. ಎಲೆ-ಅಡಿಕೆ ಒಂದು ದವಡೆಯಲ್ಲಿ, ಮಾತು ಇನ್ನೊಂದು ದವಡೆಯಲ್ಲಿ. “ಯಾರ್ರೀ ಲಕ್ಷ್ಮೇಶ್ವರಾ, ಶಿರಹಟ್ಟೀ, ಮುಂಡರಗೀ! ಒಳಗ ಸರೀರಿ, ಒಳಗ ಮೈದಾನ ಐತಿ! ಹೋಲ್ಡಾನ್!” ಹೋಲ್ಡಾನ್ ಅಂದರೆ ಅಕ್ಕ ಒತ್ತಿ ಹಿಡಿಯಬೇಕು. “ರೈಟ್!” ಅಂದರೆ ಬಿಡಬೇಕು. ಒಂದೇ ಬಸ್ಸು ಆ ಮೂರೂ ಊರಿಗೆ ಹಂಗೆ ಸುತ್ತುವುದಿಲ್ಲ ಅನ್ನುವುದು ಬೇರೆ ಮಾತು. ಅಕ್ಕ ನಗುತ್ತ ನಗುತ್ತ ಹಿಡಿಯುತ್ತಿದ್ದಳು, ಬಿಡುತ್ತಿದ್ದಳು. ಬಾಟಲಿಗೆ ಗುಳ್ಳೆ ಬರುತ್ತಿದ್ದವು. ಕೆಲಸ ಚೊಲೋ ನಡೆದಿತ್ತು.

ಆರನೆಯ ಸಲ ಬಸ್ಸಿನೊಳಗೆ ಒಬ್ಬಳು ಅಜ್ಜಿ ಹುಟ್ಟಿಕೊಂಡಳು, ಅವಳ ಕೈಯಲ್ಲಿ ಒಂದು ಕೋಳಿ. “ಹೋಲ್ಡಾನ್! ಯವ್ವಾ, ಕೋಳಿ ಕಿಡಕಿ ಕಡೆ ಕುಂತೈತಿ, ನೀ ಯಾಕ ನಿಂತಿ? ಏನು? ಅದಕ್ಕ ವಾಂತಿ ಬರ್ತೈತಂತ? ಆತು, ಕುಂಡ್ರಲಿ ಬಿಡು. ಡ್ರೈವರ್ ಸಾಹೇಬ್ರ, ರೈಟ್, ರೈಟ್!”

ಹೋಲ್ಡಾನ್ ಆದ ಮೇಲೆ ರೈಟ್ ಬರಲೇಬೇಕು, ಕಂಡಕ್ಟರನ ನಾಲಿಗೆಗೆ ಅದು ರೂಢಿ. ನಾಲಿಗೆ ಅವನದಾಗಿತ್ತು, ಪಾನಾ ನನ್ನ ಕೈಯಲ್ಲಿತ್ತು. ನಿಪ್ಪಲ್ ಇನ್ನೂ ತೆರೆದೇ ಇತ್ತು.

ಅಕ್ಕ ನಗುತ್ತ ಲಿವರ್ ಬಿಟ್ಟಳು. ನಳಿಗೆಯ ಎಣ್ಣೆ ಸರ್ರಂತ ಹಿಂದಕ್ಕೆ ಓಡಿತು. ಅದರ ಬೆನ್ನ ಹಿಂದೆ ಬೆರಳುದ್ದದ ಗಾಳಿ ಒಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ.

“ಏನಾತ್ಲೇ? ಯಾಕ ಸುಮ್ನಾದಿ?”

“ಏನಿಲ್ಲ. ಇನ್ನೊಬ್ಬ ಪ್ಯಾಸೆಂಜರ್ ಹತ್ತಿದಾ,” ಅಂದೆ.

ಮತ್ತೆ ಮೊದಲಿನಿಂದ ಹತ್ತು-ಹದಿನೈದು ಸಲ ಮಾಡಬೇಕಿತ್ತು. ನೋಡಿದರೆ ಮನೆಯಲ್ಲಿದ್ದ ಹೊಸ ಬ್ರೇಕ್ ಎಣ್ಣೆಯ ಬಾಟಲಿಯಲ್ಲಿ ತಳಕ್ಕೆ ಅಂಟಿದಷ್ಟು ಉಳಿದಿತ್ತು. ಭಾನುವಾರ, ಸ್ಪೇರ್ ಅಂಗಡಿ ಬಂದ್. ಫೋನಿನಲ್ಲಿ ಇನ್ನೊಂದು ಉಪಾಯವನ್ನೂ ನೋಡಿದ್ದೆ: ಲಿವರನ್ನು ಹಿಡಿಕೆಗೆ ಬಿಗಿದು ಕಟ್ಟಿ ಒಂದು ರಾತ್ರಿ ಇಟ್ಟರೆ ಮುಂಜಾನೆ ಬ್ರೇಕ್ ಗಟ್ಟಿಯಾಗಿರುತ್ತದೆ. ಹಳೇ ಸೈಕಲ್ ಟ್ಯೂಬ್ ತುಂಡಿನಿಂದ ಎಳೆದು ಕಟ್ಟಿದೆ. ಮುಂಜಾನೆ ಬಿಚ್ಚಿದರೆ ಖರೆಯೇ, ಲಿವರ್ ಕಲ್ಲಾಗಿತ್ತು. ಒತ್ತಡದಲ್ಲಿಟ್ಟ ಗಾಳಿ ಎಣ್ಣೆಯೊಳಗೇ ಅಡಗಿ ಕೂರುತ್ತದೆ, ಒಂದೆರಡು ದಿನದಲ್ಲಿ ಮೆಲ್ಲಗೆ ಮತ್ತೆ ಗುಳ್ಳೆಯಾಗುತ್ತದೆ ಅಂತ ಓದಿದ್ದು ಆಮೇಲೆ. ಆದರೆ ಆಮೇಲೆ ತಿಳಿಯಿತು ಅನ್ನುವುದು ಪೂರ್ತಿ ಖರೆ ಅಲ್ಲ. ಗಾಳಿ ಒಳಗೆ ಹೋದದ್ದು ನನಗೆ ಗೊತ್ತಿತ್ತು. ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಅದಕ್ಕೆ ಓದು ಬೇಕಿರಲಿಲ್ಲ.

ಮಾಮಾ ಎರಡು ಸಲ ಒತ್ತಿ ನೋಡಿ, “ಪಾಡ ಆಗೈತಲೇ! ಪ್ಯಾಟ್ಯಾಗೂ ಹಿಂಗ ಮಾಡಂಗಿಲ್ಲ,” ಅಂದರು. ನಾನು ಪ್ರಿನ್ಸಿಪಾಲರ ಕೆಮ್ಮು ಕೆಮ್ಮಿದೆ. ಅಕ್ಕನನ್ನು ಹಿಂದೆ ಕೂರಿಸಿಕೊಂಡು ಹೋದರು. ಅಕ್ಕನೂ ಅದರ ಮೇಲೇ ಕೂತು ಹೋದಳು ಅನ್ನುವುದನ್ನು ಇವತ್ತಿಗೂ ಮರೆಯಲಾಗಿಲ್ಲ.

ಬುಧವಾರ ಸೊರಟೂರಿನ ಹತ್ತಿರ ಮಾಮಾ ಬಿದ್ದರು. ಹೊಲದಿಂದ ಕುರಿ ಹಿಂಡು ಒಮ್ಮೆಲೇ ರಸ್ತೆಗಿಳಿದಿತ್ತು. ಹಿಂದಿನ ಬ್ರೇಕು ತುಳಿದಾಗ ಗಾಡಿ ಜಲ್ಲಿಯ ಮೇಲೆ ಜಾರಿ ಅಡ್ಡ ಬಿತ್ತು. ಬಲಗೈ ಮಣಿಕಟ್ಟು, ಹೆಗಲ ಎಲುಬು ಎರಡೂ ಮುರಿದವು. ಕುರಿಗಳಿಗೆ ಏನೂ ಆಗಲಿಲ್ಲ. ಅವು ತಿರುಗಿ ಸಹ ನೋಡಲಿಲ್ಲವಂತೆ.

ಗದಗಿನ ದವಾಖಾನೆಯಲ್ಲಿ ಮಾಮಾನ ತಂದೆ ಚನ್ನಬಸವಣ್ಣ ಕಾಕಾ ಕಾಟಿನ ಕಾಲ ಬಳಿ ಕೂತಿದ್ದರು. ಲಕ್ಷ್ಮೇಶ್ವರದಲ್ಲಿ ಅವರದು ಹಿಂಡಿ-ಹೊಟ್ಟಿನ ಅಂಗಡಿ. ಬಂದವರಿಗೆಲ್ಲ ಒಂದೇ ಮಾತು: “ಮೊಬೈಲ್ ನೋಡಿಕೋತ ಹೊಂಟಿರತಾನ್ರಿ. ಇಲ್ಲಾಂದ್ರ ಅಷ್ಟು ದೊಡ್ಡ ಹಿಂಡು ಕಾಣಂಗಿಲ್ಲೇನು? ಎರಡ ಕುರಿ ಅಲ್ಲ, ಇನ್ನೂರ ಕುರಿ!” ಊರಿನವರು ತಮ್ಮ ತಮ್ಮ ಪಾಲು ಸೇರಿಸಿದರು. ಒಬ್ಬರು ನಿದ್ದೆ ಅಂದರು, ಒಬ್ಬರು ಕುಡಿತ ಅಂದರು. ಎಲ್ಲ ಕಡೆ ಗಾಳಿಸುದ್ದಿ. ಗಾಳಿ ಎಲ್ಲಿತ್ತು ಅನ್ನುವುದು ಗೊತ್ತಿದ್ದವನು ನಾನೊಬ್ಬ.

ಮಾಮಾ ಯಾರಿಗೂ ಎದುರು ಮಾತಾಡಲಿಲ್ಲ. ಕಾಕಾ ಚಹಾಕ್ಕೆ ಹೋದಾಗ ನನ್ನನ್ನು ಹತ್ತಿರ ಕರೆದರು.

“ಫಕೀರಾ, ನಾ ಬ್ರೇಕ್ ಹಿಡಿದೆ ಅನಸ್ತತಿ. ಈ ಕೈಲೇ ಹಿಡಿದೆ. ಆದ್ರ ಗಾಡಿ ನಿಲ್ಲಲಿಲ್ಲಲ್ಲ? ಹಿಡಿದಿದ್ರ ನಿಲ್ತಿತ್ತು. ಹಿಡದಿಲ್ಲಂತ ಕಾಣಸ್ತತಿ. ಅಂಜಿದ ಕೂಡಲೆ ಕೈ ಸತ್ತಂಗಾತೇನೋ.”

ಅವರ ಮುಖ ನೋಡಿದೆ. ಬ್ರೇಕಿನ ಮೇಲೆ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ, ಅದನ್ನು ನಾನು ಮಾಡಿದ್ದೆನಲ್ಲ. ಸಂಶಯವೆಲ್ಲ ಕೈಯ ಮೇಲೆ. ಆಗಲೇ ಹೇಳಬೇಕಿತ್ತು. ಅದರ ಬದಲು, “ಹೋಗ್ಲಿ ಬಿಡ್ರಿ ಮಾಮಾ, ಜೀವ ಉಳೀತಲ್ಲ,” ಅಂದೆ. ಅಷ್ಟಕ್ಕೂ ನಿಲ್ಲಲಿಲ್ಲ. ಸೂಜಿ ಚುಚ್ಚುವ ಮೊದಲು ತಾನೇ “ಅಯ್ಯೋ” ಅನ್ನುತ್ತಿದ್ದ ಆ ವಾರ್ಡಿನ ಕಂಪೌಂಡರನ ನಕಲು ಮಾಡಿ ಆರೂ ಕಾಟಿನವರನ್ನು ನಗಿಸಿದೆ. ಮಾಮಾನೂ ಹೆಗಲು ಹಿಡಿದುಕೊಂಡು ನಕ್ಕರು. ನಗೆ ಇರುವತನಕ ಯಾರೂ ಏನೂ ಕೇಳುವುದಿಲ್ಲ, ಅದು ನನಗೆ ಚಿಕ್ಕಂದಿನಿಂದ ಗೊತ್ತು.

ಆರು ವಾರಕ್ಕೆ ಪ್ಲಾಸ್ಟರ್ ತೆಗೆದರು. ಎಲುಬು ಕೂಡಿದೆ, ಇನ್ನು ಕೈಗೆ ಕೆಲಸ ಕೊಡಿ ಅಂದರು ಡಾಕ್ಟರು. ಮೂರ್ನಾಲ್ಕು ವಾರ ಬಿಟ್ಟು ಮಾಮಾ ಮೊದಲು ಹೋದದ್ದು ಅಡರಕಟ್ಟಿಯ ಅಮೃತವ್ವನ ಎಮ್ಮೆ ನೋಡಲು. ಅಲ್ಲಿ ನಡೆದದ್ದನ್ನು ಅಕ್ಕ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಯಾವತ್ತಿನ ಏರಿಳಿತ ಇರಲಿಲ್ಲ.

“ಹತ್ತ ಮಿನೀಟ ಕೈ ಹಾಕಿ ನಿಂತ್ರಂತ. ಆಮ್ಯಾಲೆ ಗೊತ್ತಾಗವಲ್ದವಾ ಅಂದ್ರಂತ. ಐತೋ ಇಲ್ಲೋ, ಅಷ್ಟ ಹೇಳಪಾ ಅಂದ್ಲಂತ ಅಮೃತವ್ವ. ಇವ್ರು ಕೈ ತೊಳಕೊಂಡು, ಬ್ಯಾರೇದವರನ್ನ ಕರೀರಿ ಅಂತ ಬಂದುಬಿಟ್ರು.”

“ಇನ್ನೂ ನೋವು ಇರತೈತಿ, ಅಕ್ಕಾ.”

“ನೋವಿಲ್ಲಂತ. ‘ಅಂಜಿದಾಗ ಕೈ ಮಾತು ಕೇಳಲಿಲ್ಲ, ಈಗ ನಾ ಕೈ ಮಾತು ಹೆಂಗ ನಂಬಲಿ’ ಅಂತಾರ. ಸೋಮವಾರದಿಂದ ಅಂಗಡ್ಯಾಗ ಕುಂಡ್ರತಾರಂತ. ಗಾಡಿ ಮುಂಡರಗಿಯವ್ರಿಗೆ ಮಾರೂದು ಅಂತ ಮಾವಾರು ಮಾತಾಡಿ ಮುಗಿಸ್ಯಾರ. ಐತವಾರ ಸಂಜಿಗೆ ಬಂದು ಒಯ್ತಾರ. ಅದರೊಳಗ ನೀ ಬಂದು ಬ್ರೇಕು-ಪಾಕು ಸರಿ ಮಾಡಿಕೊಡಬೇಕಂತ. ಹ್ಯಾಂಡಲ್ ಇಲ್ಲೇ ನೆಟ್ಟಗ ಮಾಡಿಸ್ಯಾರ. ಬ್ರೇಕ್ ಮಾತ್ರ ಮುಟ್ಟಬ್ಯಾಡ್ರಿ, ಅದನ್ನ ನಮ್ಮ ಫಕೀರ ಮಾಡ್ಯಾನ ಅಂತ ಇವ್ರು ಹೇಳಿದ್ರು.”

ಭಾನುವಾರ ಎರಡು ಬಾಟಲಿ ಎಣ್ಣೆ, ಎಂಟು ನಂಬರಿನ ಪಾನಾ, ಹೊಸ ನಳಿಗೆ ಚೀಲದಲ್ಲಿಟ್ಟುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ಎರೆಹೊಲ, ಕಡಲೆ, ಕುಸುಬಿ. ನನ್ನ ತಲೆಯಲ್ಲಿ ಒಂದೇ ಲೆಕ್ಕ. ಎರಡು ತಾಸು ಕೆಲಸ ಮಾಡಿದರೆ ಸಾಕ್ಷಿಯೆಲ್ಲ ಗುಳ್ಳೆಯಾಗಿ ಬಾಟಲಿಗೆ ಇಳಿಯುತ್ತದೆ. ಗಾಡಿ ಮುಂಡರಗಿಗೆ ಹೋಗುತ್ತದೆ, ಅಲ್ಲಿಯವರು ಆರಾಮಾಗಿ ಓಡಿಸುತ್ತಾರೆ. ಮಾಮಾ ಅಂಗಡಿಯಲ್ಲಿ ನೆರಳಲ್ಲಿ ಕೂರುತ್ತಾರೆ. ಯಾರಿಗೆ ಏನು ಕೆಟ್ಟದ್ದಾಯಿತು? ಹೀಗೆ ಕೇಳಿಕೊಳ್ಳುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. ಯಾರದು ಅಂತ ಗುರುತು ಹತ್ತಲಿಲ್ಲ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. “ಬಾರಪಾ ಇಂಜಿನೇರಾ. ನಾಕಕ್ಕ ಬರ್ತಾರ ಅವ್ರು. ಜಲ್ದ ಮುಗಸು.”

ಅಕ್ಕ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. “ಕೈ ಹಿಟ್ಟಾಗೈತೋ. ಅವರನ್ನ ಕರಿ, ಸುಮ್ನ ಕುಂತಾರ.”

ಮಾಮಾ ಬಂದರು. ತೆಳ್ಳಗಾಗಿದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಲ್ಲುವುದು ರೂಢಿಯಾಗಿಬಿಟ್ಟಿತ್ತು, ಬೇರೆಯವರ ವಸ್ತು ಜೋಪಾನ ಮಾಡುವವರಂತೆ. ನಾನು ಗಾಲಿಯ ಬಳಿ ಕೂತು ನಳಿಗೆ ಸಿಕ್ಕಿಸಿದೆ. ಕೂತಲ್ಲಿಂದ ತಲೆ ಎತ್ತಿದರೆ ಎಣ್ಣೆ ಡಬ್ಬಿ, ಅದರಾಚೆ ಅವರ ಗದ್ದ. ತಲೆ ತಗ್ಗಿಸಿದರೆ ಅವರ ಪಾದ.

“ಒಂದ್ ಸಲ ಒತ್ತಿ ನೋಡ್ರಿ ಮಾಮಾ.”

ಒತ್ತಿದರು. ಲಿವರ್ ಹಿಡಿಕೆಗೆ ಹೋಗಿ ತಾಗಿದ ಸಪ್ಪಳ ಕೇಳಿತು.

“ನೋಡು,” ಅಂದರು ಮೆಲ್ಲಗೆ. “ಹಿಡಿದಂಗನ ಅನಸವಲ್ದು. ದಮ್ಮ ಇಲ್ಲ ಕೈಯಾಗ.”

ಅವರು ಇನ್ನೊಮ್ಮೆ ಒತ್ತಿದರು. ಮತ್ತೆ ಒತ್ತಿದರು, ಈ ಸಲ ನಿಧಾನವಾಗಿ. ಬಿಟ್ಟರು. ಆಮೇಲೆ ಬಹಳ ಹೊತ್ತು ಸಪ್ಪಳವಿಲ್ಲ. ತಲೆ ಎತ್ತಿ ನೋಡಿದೆ. ಕಣ್ಣು ಮುಚ್ಚಿದ್ದರು. ಕತ್ತು ಓರೆಯಾಗಿತ್ತು.

“ಲೇ, ತಡಿ. ಇದು ಕೈ ಅಲ್ಲ.”

“ಏನ್ರಿ?”

“ಒಳಗೇನೋ ಐತಿ. ಒತ್ತಿದ್ರ ಕುಗ್ಗತೈತಿ, ಬಿಟ್ರ ಉಬ್ಬತೈತಿ. ಸಣ್ಣದಲ್ಲ, ಬೆರಳಷ್ಟ ಐತಿ. ಗಾಳಿ.” ಕಣ್ಣು ತೆರೆದು ಲಿವರ್ ನೋಡಿದರು. ಒಂದು ಗಳಿಗೆ ಅವರ ಮುಖ ಅರಳಿತು, ಮತ್ತೆ ಮೊದಲಿನಂತಾಯಿತು. “ಬಿದ್ದಾಗ ಹೊಕ್ಕಿರಬೇಕು.”

ತಪ್ಪಿಸಿಕೊಳ್ಳುವ ದಾರಿಯನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ ಕೊಟ್ಟರು. ನಾನು ‘ಹ್ಞೂಂ’ ಅಂದರೆ ಸಾಕಿತ್ತು. ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. “ಮೂರ್ ಸಲ ಒತ್ತಿ, ಹಿಡೀರಿ,” ಅಂದೆ.

“ಹಿಡಿದೀನಿ.”

ನಿಪ್ಪಲ್ ಸಡಿಲಿಸಿದೆ. ಕಂದು ಎಣ್ಣೆ, ಅದರ ಹಿಂದೆ ಗುಳ್ಳೆ, ಮತ್ತೆ ಗುಳ್ಳೆ. ಬಿಗಿದೆ. “ಬಿಡ್ರಿ.” ಎರಡನೆಯ ಸಲವೂ ಹಾಗೇ. ಗುಳ್ಳೆಗಳು ನಳಿಗೆಯಲ್ಲಿ ಒಂದರ ಹಿಂದೊಂದು ಇಳಿದು ಬಾಟಲಿಯಲ್ಲಿ ಒಡೆಯುತ್ತಿದ್ದವು. ಇನ್ನು ಮೂರೋ ನಾಲ್ಕೋ ಸಲ; ಆಮೇಲೆ ಈ ಗಾಳಿ ಯಾವಾಗ ಒಳಗೆ ಹೋಯಿತು, ಯಾರು ಬಿಟ್ಟರು ಅನ್ನುವುದಕ್ಕೆ ಲೋಕದಲ್ಲಿ ಏನೂ ಉಳಿಯುವುದಿಲ್ಲ. ‘ದಮ್ಮ ಇಲ್ಲ ಕೈಯಾಗ’ ಅಂದದ್ದು ಮಾತ್ರ ಉಳಿಯುತ್ತದೆ. ಮೂರನೆಯ ಸಲ ನಿಪ್ಪಲ್ ತೆರೆದೆ.

“ಮಾಮಾ. ಬಿದ್ದಾಗ ಅಲ್ಲರಿ.”

“ಏನು?”

“ಗಾಳಿ. ಬಿದ್ದಾಗ ಹೊಕ್ಕಿದ್ದಲ್ಲ. ಅವತ್ತು ಬೆಟಗೇರ್ಯಾಗ ನಾನ ಹೊಗಿಸಿದ್ದು. ಅಕ್ಕನ್ನ ನಗಸ್ತಾ ನಗಸ್ತಾ, ಇದನ್ನ ಬಿಗಿ ಮಾಡೂಕಿಂತ ಮೊದಲ ಬಿಡು ಅಂದೆ. ಹೊಕ್ಕಿದ್ದ ನೋಡೀನಿ. ಎಣ್ಣಿ ತೀರಿತ್ತು. ಲಿವರ್ ಕಟ್ಟಿ ಇಟ್ಟೆ, ಮುಂಜಾನೆ ಗಟ್ಟಿ ಆಗಿತ್ತು, ಹಂಗ ಕೊಟ್ಟೆ. ನೀವು ಬ್ರೇಕ್ ಹಿಡಿದಿದ್ರಿ ಮಾಮಾ. ಕೈ ಹಿಡಿದಿತ್ತು. ಗಾಲಿಗೆ ಮುಟ್ಟಲಿಲ್ಲ, ಅಷ್ಟ.”

ತಲೆ ಎತ್ತುವ ಧೈರ್ಯ ನನಗಿರಲಿಲ್ಲ. ಅವರ ಪಾದ ನೋಡುತ್ತ ಕೂತೆ. ಒಳಗೆ ಅಕ್ಕ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಪಾದದ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದಿತ್ತು. ಹಿಮ್ಮಡಿ ನಡುಗುತ್ತಿತ್ತು. ಯಾಕೆ ನಡುಗುತ್ತಿದೆ ಅಂತ ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ನಿಪ್ಪಲ್ ತೆರೆದೇ ಇತ್ತು. ಪಾನಾ ನನ್ನ ಕೈಯಲ್ಲೇ ಇತ್ತು. ಅವರು ಲಿವರ್ ಹಿಡಿದೇ ಇದ್ದರು, ಆರು ವಾರ ಪ್ಲಾಸ್ಟರಿನಲ್ಲಿದ್ದ ಕೈಯಿಂದ. ಬಿಟ್ಟುಬಿಡಬಹುದಿತ್ತು. ಬಿಟ್ಟು ಕೆಳಗೆ ಬಂದು ನನ್ನ ಕಪಾಳಕ್ಕೆ ಕೊಡಬಹುದಿತ್ತು. ಅವರ ಜಾಗದಲ್ಲಿ ನಾನಿದ್ದರೆ ಅದನ್ನೇ ಮಾಡುತ್ತಿದ್ದೆ.

“ಬಿಗಿ ಮಾಡ್ಲೇ ಮೊದ್ಲ,” ಅಂದರು. ಹಲ್ಲು ಕಚ್ಚಿ ಅಂದಂತಿತ್ತು.

ಬಿಗಿದೆ.

“ಆತೇನು?”

“ಆತ್ರಿ.”

ಆಗ ಬಿಟ್ಟರು. ಬಿಟ್ಟ ಕೈಯನ್ನು ಎತ್ತಿ ಎರಡು ಸಲ ಮುಚ್ಚಿ ತೆರೆದದ್ದು ಕಾಣಿಸಿತು.

“ಎಷ್ಟ ದಿನಾ ಆತು ಇದಕ್ಕ?”

“ಎರಡ ತಿಂಗ್ಳರಿ.”

“ಎರಡ ತಿಂಗ್ಳ ಹನ್ನೆರಡ ದಿನಾ. ದಿನಾ ಮುಂಜಾನೆ ಎದ್ದು ಈ ಕೈ ನೋಡಿಕೊಂಡೀನಲೇ ನಾನು. ಅಮೃತವ್ವನ ಮುಂದ ಅತ್ತಿಲ್ಲ, ಅಷ್ಟ.” ಲಿವರ್ ಕಡೆ ನೋಡುತ್ತ ಅಂದರು, “ದವಾಖಾನ್ಯಾಗ ಎಲ್ಲಾರ್ನೂ ನಗಿಸಿ ಹ್ವಾದೆಲ್ಲ ನೀನು. ನಾನೂ ನಕ್ಕೆ.”

ನಾನು ಏಳಲು ಹೋದೆ.

“ಏಳಬ್ಯಾಡ. ಕೆಲಸ ಮುಗಸು.”

ಮುಂದೆ ಹದಿನಾಲ್ಕು ಸಲ ಮಾಡಿದೆವು. ಎಣಿಸಿದ್ದೇನೆ. ಹಿಡೀರಿ, ಹಿಡಿದೀನಿ, ಬಿಡ್ರಿ. ಅದರಾಚೆ ಒಂದು ಮಾತಿಲ್ಲ. ಎಂಟನೆಯ ಸಲದ ಮೇಲೆ ಗುಳ್ಳೆ ನಿಂತವು. ಆದರೂ ಅವರು ಸಾಕು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಎರಡನೆಯ ಬಾಟಲಿಯೂ ಅರ್ಧ ಇಳಿಯಿತು. ನಳಿಗೆಯಲ್ಲಿ ಎಣ್ಣೆ ಜೇನಿನ ಬಣ್ಣಕ್ಕೆ ಬಂದಾಗ, “ಸಾಕು,” ಅಂದರು. ಪೆಟ್ರೋಲ್ ಟಾಕಿಯ ಮೇಲೆ ಎಣ್ಣೆಯ ಒಂದು ಹನಿ ಬಿದ್ದಿತ್ತು; ಬಣ್ಣ ತಿನ್ನುತ್ತದೆಂದು ತಾವೇ ತಂಬಿಗೆ ನೀರು ತಂದು ಸುರಿದರು. ಒಳಗೆ ಹೋಗಿ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಕೀಲಿ ತಿರುವಿದರು.

“ಹಿಂದ ಕುಂಡ್ರು.”

“ನಾನ್ರಿ?”

“ಮತ್ಯಾರು? ನೀನ ಮಾಡೀಯಲ್ಲ ಬ್ರೇಕು.”

ಕಟ್ಟೆಯಿಂದ ಕಾಕಾ, “ಏ ವೀರೂ, ಗಾಡಿ ಎಲ್ಲಿಗೆ?” ಅಂತ ಕೂಗುವುದರೊಳಗೆ ಓಣಿ ದಾಟಿದ್ದೆವು.

ಅಡರಕಟ್ಟಿಯ ರಸ್ತೆ ಹಿಡಿದರು. ರಸ್ತೆ ಖಾಲಿ. ಗಾಡಿ ವೇಗ ತೆಗೆದುಕೊಂಡಿತು, ಮತ್ತೂ ತೆಗೆದುಕೊಂಡಿತು. ಎದುರು ಏನೂ ಇಲ್ಲದೇ ಮಾಮಾ ಒಮ್ಮೆಲೇ ಮುಂದಿನ ಬ್ರೇಕು ಹಿಡಿದರು. ನನ್ನ ಮೂಗು ಅವರ ಬೆನ್ನಿಗೆ ಬಡಿಯಿತು. ಗಾಡಿ ಗಕ್ಕನೆ ನಿಂತಿತು. ಮತ್ತೆ ಬಿಟ್ಟರು. ಮತ್ತೆ ಹಿಡಿದರು. ಪ್ರತಿ ಸಲವೂ ಏನೋ ಒಂದನ್ನು ನೆನಪಿನಿಂದ ತೆಗೆದು ಹೊರಗೆ ಒಗೆಯುವವರಂತೆ ಹಿಡಿಯುತ್ತಿದ್ದರು. ಅಂಜಿಕೆಯಿಂದ ಅವರ ಅಂಗಿ ಹಿಡಿದುಕೊಂಡಿದ್ದೆ, ಆದರೂ ಸಾವಕಾಶ ಅಂತ ಹೇಳುವ ಹಕ್ಕು ನನಗಿರಲಿಲ್ಲ. ನಾಲ್ಕನೆಯ ಸಲ ನಿಂತಾಗ ಗಾಡಿ ಬಂದ್ ಮಾಡಲಿಲ್ಲ.

“ಇಳಿ.”

ಇಳಿದೆ.

“ನಡಕೋತ ಹೋಗು. ನಾ ತಿರುಗಿ ಬರೋದ್ರಾಗ ಅಪ್ಪಗ ಎಲ್ಲಾ ಹೇಳಿರಬೇಕು, ನೀನ. ಶೈಲಾಗೂ ಹೇಳು. ಆಕಿ ಕೈ ಬಿಟ್ಟದ್ದು ನಿನ್ನ ಮಾತಿಗೆ ಅನ್ನೋದನ್ನ ಬಿಡಿಸಿ ಹೇಳು. ಇಲ್ಲಾಂದ್ರ ಆಕಿ ತನ್ನ ಕೈ ಮ್ಯಾಲ ಹಾಕ್ಕೊಂತಾಳ. ಅದೆಂಥಾದ್ದು ಅಂತ ನನಗ ಗೊತ್ತೈತಿ.”

“ಮಾಮಾ, ನೀವು ಎಲ್ಲಿಗೆ...”

“ಕೆಲಸ ಐತಿ,” ಅಂದರು. ನನ್ನ ಕಡೆ ನೋಡಲಿಲ್ಲ. ಕ್ಲಚ್ಚು ಬಿಟ್ಟರು, ಗಾಡಿ ಹೋಯಿತು.

ಎರಡೂವರೆ ಮೈಲು ನಡೆದೆ. ಬಿಸಿಲು ಅಂಥ ಜೋರಿರಲಿಲ್ಲ, ಆದರೂ ಅಂಗಿ ತೊಯ್ದಿತ್ತು. ದಾರಿಯುದ್ದಕ್ಕೂ ಮೊದಲ ವಾಕ್ಯ ಕಟ್ಟಿದೆ, ಕೆಡವಿದೆ. ಕಾಕಾಗೆ ಸಿಟ್ಟು ಬರದಂತೆ ಹೇಳುವ ಬಗೆ ಯಾವುದು ಅಂತ ಹುಡುಕುತ್ತಿದ್ದವನು, ಊರು ಕಾಣುವಷ್ಟರಲ್ಲಿ ಆ ಹುಡುಕಾಟ ಬಿಟ್ಟೆ. ಸಿಟ್ಟು ಬರಲಿ. ಮಗನ ಮೇಲೆ ಇಷ್ಟು ದಿನ ಹಾಕಿದ ಸಿಟ್ಟಿಗೆ ಒಂದು ವಿಳಾಸ ಬೇಕಲ್ಲ.

ಕಾಕಾ ಓಣಿಯ ಬಾಯಿಗೇ ಬಂದು ನಿಂತಿದ್ದರು. “ಗಾಡಿ ಎಲ್ಲೈತ್ಲೇ? ಮೂರೂವರಿ ಆತು!”

“ಗಾಡಿ ಸಿಗಂಗಿಲ್ರಿ ಕಾಕಾರ. ಮಾಮಾ ಕೆಲಸಕ್ಕ ತಗೊಂಡ ಹ್ವಾದ್ರು.”

“ಕೆಲಸಕ್ಕ? ಆ ಕೈಲೆ?”

“ಆ ಕೈಗೇನೂ ಆಗಿಲ್ರಿ,” ಅಂದೆ. “ಬರ್ರಿ, ಕಟ್ಟಿ ಮ್ಯಾಲೆ ಕುಂಡ್ರಿ, ಹೇಳ್ತೀನಿ. ಅಕ್ಕಾ, ನೀನೂ ಹೊರಗ ಬಾ.”

ಅಕ್ಕ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು. ನಾನು ಕರೆದರೆ ಏನೋ ಒಂದು ನಕಲು ಇರುತ್ತದೆ ಅಂತ ಅವಳಿಗೆ ಗೊತ್ತು. ಎರಡು ತಿಂಗಳಿಂದ ಬತ್ತಿದ ಮುಖದಲ್ಲೂ ತುಟಿ ಆಗಲೇ ಸ್ವಲ್ಪ ಬಿರಿದಿತ್ತು, ನಗಲು ತಯಾರಾಗಿ. ಆ ಮುಖ ನೋಡುತ್ತಲೇ ನಾನು ಹೇಳತೊಡಗಿದೆ.